ಗಂಟಿನೊಳಗಿನ ಜೀವಾಣು, ಗೂಡಿನೊಳಗಿನ ಹಕ್ಕಿ

ಕೋಲಾರವೆಂದೊಡನೆ ಚಿನ್ನದ ಗಣಿ ನೆನಪಿಗೆ ಬರುವುದು ಸಹಜ. ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು. ಆದರೆ ಜಿಲ್ಲೆಯ ಹೊಲಗಳಲ್ಲಿ ಮತ್ತೊಂದು ಬಗೆಯ ಗಣಿಗಾರಿಕೆ ಸದ್ದಿಲ್ಲದೆ ವರ್ಷವರ್ಷವೂ ನಡೆದು ಬಂದಿದೆ. ಇಲ್ಲಿ ಅಗೆಯುವುದು ಗಾಳಿಯನ್ನು. ಅಗೆಯುವ ಕೂಲಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರ ದುಡಿಮೆಯ ಫಲವನ್ನು ಉಣ್ಣುವವರಲ್ಲಿ ರೈತನಿದ್ದಾನೆ, ಅವನ ಹಸುವಿದೆ. ಹೊಲದ ಬೇಲಿಯಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಪುಟ್ಟ ಹಾಡುಹಕ್ಕಿಯೂ ಇದೆ.

ಈ ಲೇಖನದಲ್ಲಿ ನಾವು ಆ ಕೂಲಿಯನ್ನೂ ಈ ಹಕ್ಕಿಯನ್ನೂ ಎದುರುಬದುರಾಗಿ ನಿಲ್ಲಿಸಿ ಹೋಲಿಸಿ ನೋಡೋಣ. ಎರಡಕ್ಕೂ ಇರುವ ಅಂತರವೇನು ಸಾಮಾನ್ಯವಾದುದಲ್ಲ. ಅಜಗಜಾಂತರವೆಂಬ ಮಾತು ಇಲ್ಲಿ ಏತಕ್ಕೂ ಸಾಲದು; ಆನೆಗೂ ಇರುವೆಗೂ ಇರುವ ಅಂತರವೂ ಸಾಲದೆಂಬುದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇವೆ. ಇಷ್ಟಾದರೂ ಎರಡೂ ಒಂದೇ ಭೌತ ನಿಯಮಗಳಿಗೆ ತಲೆಬಾಗಿ ಬದುಕುತ್ತವೆ. ನಿಯಮ ಒಂದೇ ಆಗಿರುವಾಗ ಬದುಕು ಇಷ್ಟು ಬೇರೆಯಾದುದು ಹೇಗೆ? ಇಷ್ಟು ಬೇರೆಯಾದ ಮೇಲೂ ಎರಡರ ಒಡಲಿನಲ್ಲಿ ಒಂದೇ ಎಂಜಿನ್ ಓಡುತ್ತಿರುವುದು ಹೇಗೆ? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

ಇಬ್ಬರ ಪರಿಚಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಯೂ ಕೊಳವೆ ಬಾವಿಯೂ ಇಲ್ಲದ ಕಡೆ ಬೆದ್ದಲು ಬೇಸಾಯವೇ ಗತಿ. ಬೆದ್ದಲಿನ ರಾಜನೆಂದರೆ ರಾಗಿ. ಇಲ್ಲಿನ ಹಳೆಯ ಬೇಸಾಯದಲ್ಲಿ ರಾಗಿಯನ್ನು ಒಂಟಿಯಾಗಿ ಬೆಳೆಯುವುದು ಕಡಮೆ. ರಾಗಿಯ ಹಲವು ಸಾಲುಗಳ ನಡುವೆ ಒಂದೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಮುಂತಾದುವನ್ನು ಬಿತ್ತುವರು. ಇದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಈ ಸಾಲಿನ ಅವರೆಯ ಗಿಡವೊಂದನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದು ನೋಡಿದರೆ ಸಾಸಿವೆ ಕಾಳಿನಿಂದ ಬಟಾಣಿಯವರೆಗಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದೊಂದು ಗಂಟಿನೊಳಗೂ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ವಾಸವಾಗಿವೆ. ಅವರೆ, ಅಲಸಂದೆ, ಹುರುಳಿ, ತೊಗರಿ, ನೆಲಗಡಲೆ ಇವುಗಳ ಬೇರಿನಲ್ಲಿ ನೆಲಸುವುದು ಬಹುಮಟ್ಟಿಗೆ ಬ್ರಾಡಿರೈಜೋಬಿಯಂ ಎಂಬ ಕುಲ. ಗ್ರೀಕ್ ಭಾಷೆಯಲ್ಲಿ ಬ್ರಾಡಿ ಎಂದರೆ ನಿಧಾನ. ಕೆಲವು ಬ್ಯಾಕ್ಟೀರಿಯಗಳು ಅರ್ಧ ಗಂಟೆಯೊಳಗೆ ಒಂದು ಎರಡಾದರೆ ಇದಕ್ಕೆ ಹಲವಾರು ಗಂಟೆಗಳೇ ಬೇಕು. ಉದ್ದ ಸುಮಾರು ೨ ಮೈಕ್ರಾನ್, ಅಗಲ ಒಂದು ಮೈಕ್ರಾನಿಗಿಂತ ಕಡಮೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್. ಪೈರು ಇಲ್ಲದ ಕಾಲದಲ್ಲಿ ಇದು ಮಣ್ಣಿನಲ್ಲಿ, ಕಣಕಣದ ನಡುವಿನ ನೀರಿನ ಪದರದಲ್ಲಿ, ಸ್ವತಂತ್ರವಾಗಿ ಬಾಳುತ್ತದೆ.

ಇನ್ನು ಹಕ್ಕಿ. ಇದು ಸಿಂಪಿಗ, ದರ್ಜಿ ಹಕ್ಕಿಯೆಂದರೂ ಇದೇ. ಬೆನ್ನು ಎಳೆ ಹಸುರು, ನೆತ್ತಿ ಕಾವಿಯ ಬಣ್ಣ, ಹೊಟ್ಟೆ ಬಿಳಿ, ಬಾಲ ಸದಾ ಮೇಲಕ್ಕೆ ನಿಮಿರಿದ್ದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಹೆಚ್ಚೆಂದರೆ ೧೪ ಸೆಂಟಿಮೀಟರ್. ತೂಕ ೬ರಿಂದ ೧೦ ಗ್ರಾಂ. ನಾವು ೮ ಗ್ರಾಂ ಎಂದು ಹಿಡಿಯೋಣ. ಹೆಣ್ಣು ಹಕ್ಕಿಯು ಅಗಲವಾದ ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಹತ್ತಿ, ನಾರು, ಜೇಡನ ನೂಲುಗಳನ್ನು ಅದರಲ್ಲಿ ತೂರಿಸಿ, ಎಲೆಯನ್ನು ಚೀಲವಾಗಿ ಹೊಲಿದು, ಅದರೊಳಗೆ ಮೆತ್ತನೆಯ ಗೂಡು ಮಾಡುತ್ತದೆ. ಬೇಲಿ, ಕೈತೋಟ, ಮಾವಿನ ತೋಪಿನ ಅಂಚು ಇದರ ಠಾವು. ಹುಳುಹುಪ್ಪಟೆ ಇದರ ಆಹಾರ.

ತೂಕ ಮತ್ತು ಮೈಹರವು

ಒಂದು ಬ್ಯಾಕ್ಟೀರಿಯದ ತೂಕವನ್ನು ಸ್ಥೂಲವಾಗಿ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು ಎನ್ನಬಹುದು. ಅಂದರೆ ನಮ್ಮ ಸಿಂಪಿಗವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಇನ್ನೊಂದು ತಟ್ಟೆಯಲ್ಲಿ ೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳನ್ನು ಇಡಬೇಕು. ಒಂದು ಆನೆಯು ಸುಮಾರು ನೂರು ಕೋಟಿ ಇರುವೆಗಳಷ್ಟು ತೂಗಬಹುದು. ಇರುವೆಯಿಂದ ಆನೆಗೆ ಹೋಗುವ ದಾರಿಗಿಂತ ಜೀವಾಣುವಿನಿಂದ ಸಿಂಪಿಗಕ್ಕೆ ಹೋಗುವ ದಾರಿ ಸಾವಿರಾರು ಪಟ್ಟು ದೂರವೆಂದಾಯಿತು.

ಸರಿಯಾದ ಗಾತ್ರದಲ್ಲಿ ಇರುವುದೆಂದರೇನು ಎಂಬ ವಿಷಯವಾಗಿ ಜೆ. ಬಿ. ಎಸ್. ಹಾಲ್ಡೇನರು ೧೯೨೬ರಲ್ಲಿ ಒಂದು ಪ್ರಬಂಧ ಬರೆದರು. ಅವರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ ಇಲ್ಲಿಯೇ ತೀರಿಕೊಂಡರು. ಆ ಪ್ರಬಂಧದ ಮೂಲಸೂತ್ರ ಪ್ರೌಢಶಾಲೆಯ ಗಣಿತದಲ್ಲಿಯೇ ಇದೆ. ಒಂದು ಗೋಳದ ವ್ಯಾಸವನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅದರ ಮೇಲ್ಮೈ ನೂರು ಪಟ್ಟಾಗುತ್ತದೆ, ಗಾತ್ರವು ಸಾವಿರ ಪಟ್ಟಾಗುತ್ತದೆ. ಒಳಗಿರುವ ಬಾಯಿಗಳು ಸಾವಿರ ಪಟ್ಟು ಹೆಚ್ಚಿದರೂ ಬಾಗಿಲುಗಳು ನೂರು ಪಟ್ಟು ಮಾತ್ರ ಹೆಚ್ಚಿದಂತೆ ಇದು.

ಸಿಂಪಿಗವನ್ನು ಮುದುರಿದ ಗೋಳವೆಂದು ಭಾವಿಸಿದರೆ ಅದರ ಹೊರಮೈ ಸುಮಾರು ೨೦ ಚದರ ಸೆಂಟಿಮೀಟರ್, ನಮ್ಮ ಅಂಗೈಗಿಂತ ಬಹಳ ಚಿಕ್ಕದು. ಅದೇ ೮ ಗ್ರಾಂ ದ್ರವ್ಯವನ್ನು ಒಂದೊಂದು ಮೈಕ್ರಾನಿನ ಬ್ಯಾಕ್ಟೀರಿಯಗಳಾಗಿ ಹಂಚಿದರೆ ಅವುಗಳ ಒಟ್ಟು ಮೇಲ್ಮೈ ಸುಮಾರು ೪೮ ಚದರ ಮೀಟರ್! ಒಂದು ದೊಡ್ಡ ತರಗತಿಯ ಕೊಠಡಿಯ ನೆಲದಷ್ಟು. ಆದುದರಿಂದಲೇ ಬ್ಯಾಕ್ಟೀರಿಯಕ್ಕೆ ಬಾಯಿ ಬೇಡ, ಶ್ವಾಸಕೋಶ ಬೇಡ, ಕರುಳು ಬೇಡ. ಅದರ ಮೈಯೆಲ್ಲವೂ ಬಾಗಿಲೇ. ಹಕ್ಕಿಗೆ ಹೊರಗೆ ಬಾಗಿಲು ಸಾಲದು. ಆದಕಾರಣ ಅದು ಒಳಗೆ ಮಡಿಕೆ ಮಡಿಕೆಯಾಗಿ ಮೇಲ್ಮೈಯನ್ನು ಕಟ್ಟಿಕೊಳ್ಳಬೇಕಾಯಿತು. ಶ್ವಾಸಕೋಶ, ಗಾಳಿಚೀಲ, ಕರುಳು, ರಕ್ತನಾಳಗಳ ಜಾಲ ಇವೆಲ್ಲವೂ ದೊಡ್ಡದಾದುದಕ್ಕೆ ತೆರಬೇಕಾದ ತೆರಿಗೆಯೆಂದು ತಿಳಿಯಬಹುದು.

ಹೃದಯವೇಕೆ ಬೇಕು?

ಒಂದು ಹನಿ ಶಾಯಿಯನ್ನು ನಿಂತ ನೀರಿಗೆ ಬಿಟ್ಟರೆ ಅದು ತಾನಾಗಿಯೇ ಹರಡುತ್ತದೆ. ಈ ಹರಡುವಿಕೆಗೆ ವಿಸರಣವೆಂದು ಹೆಸರು. ಅಣುಗಳು ಕುಡಿದವನಂತೆ ದಿಕ್ಕುದಿಕ್ಕಿಗೆ ತೊನೆಯುತ್ತಾ ಸಾಗುವುದರಿಂದ, ದೂರ ಎರಡು ಪಟ್ಟಾದರೆ ಹಿಡಿಯುವ ಕಾಲ ನಾಲ್ಕು ಪಟ್ಟು, ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ನೀರಿನಲ್ಲಿ ಕರಗಿದ ಆಮ್ಲಜನಕವು ಒಂದು ಮೈಕ್ರಾನ್ ದೂರವನ್ನು ಒಂದು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಕಾಲದಲ್ಲಿ ದಾಟುತ್ತದೆ. ಬ್ಯಾಕ್ಟೀರಿಯದ ಒಳಗೆ ಯಾವ ಮೂಲೆಗೆ ಬೇಕಾದರೂ ಸರಕು ಕಣ್ಣೆವೆ ಮಿಟುಕುವ ಮುನ್ನ ತಲುಪುತ್ತದೆ. ಸಾಗಿಸುವ ಗಾಡಿಯೇ ಬೇಕಾಗಿಲ್ಲ.

ಅದೇ ಆಮ್ಲಜನಕವು ಸಿಂಪಿಗದ ಚರ್ಮದಿಂದ ಒಂದು ಸೆಂಟಿಮೀಟರ್ ಆಳಕ್ಕೆ ವಿಸರಣದಿಂದಲೇ ಹೋಗಬೇಕಾದರೆ ಹಿಡಿಯುವ ಕಾಲವೆಷ್ಟು? ಸುಮಾರು ೭ ಗಂಟೆ. ಅಷ್ಟರಲ್ಲಿ ಹಕ್ಕಿ ಉಳಿದಿರುವುದಿಲ್ಲ. ಆದುದರಿಂದ ಅದಕ್ಕೆ ನಿಮಿಷಕ್ಕೆ ನೂರಾರು ಬಾರಿ ಬಡಿಯುವ ಹೃದಯವೂ, ಆಮ್ಲಜನಕವನ್ನು ಹೊತ್ತು ಓಡುವ ಕೆಂಪು ರಕ್ತವೂ ಬೇಕಾಯಿತು. ಆದರೆ ಕೊನೆಯ ಕೆಲವು ಮೈಕ್ರಾನುಗಳ ದಾರಿಯನ್ನು, ಅಂದರೆ ಲೋಮನಾಳದಿಂದ ಜೀವಕೋಶದೊಳಕ್ಕೆ ಹೋಗುವ ದಾರಿಯನ್ನು, ಹಕ್ಕಿಯ ಮೈಯಲ್ಲಿಯೂ ವಿಸರಣವೇ ದಾಟಿಸಬೇಕು. ಹೃದಯವು ಮಾಡುವುದಿಷ್ಟೆ: ಪ್ರತಿಯೊಂದು ಜೀವಕೋಶವನ್ನೂ ಬ್ಯಾಕ್ಟೀರಿಯದ ಸುಖಸ್ಥಿತಿಗೆ ತಂದು ನಿಲ್ಲಿಸುವುದು.

ಈಜು ಮತ್ತು ಹಾರಾಟ

ಮಣ್ಣಿನ ನೀರಿನಲ್ಲಿ ಬ್ಯಾಕ್ಟೀರಿಯವು ಬಾಲದಂತಹ ಎಳೆಗಳನ್ನು ತಿರುಗಿಸುತ್ತಾ ಸೆಕೆಂಡಿಗೆ ಕೆಲವು ಹತ್ತು ಮೈಕ್ರಾನುಗಳಷ್ಟು ಈಜುತ್ತದೆ. ಸಿಂಪಿಗವು ಪೊದೆಯಿಂದ ಪೊದೆಗೆ ಹಾರುತ್ತದೆ. ಈ ಎರಡು ಚಲನೆಗಳಿಗೂ ನ್ಯೂಟನ್ನನ ನಿಯಮಗಳೇ ಆಧಾರ. ಆದರೆ ದ್ರವದೊಳಗೆ ಚಲಿಸುವ ವಸ್ತುವಿನ ಮೇಲೆ ಎರಡು ಶಕ್ತಿಗಳ ಪೈಪೋಟಿ ನಡೆಯುತ್ತಿರುತ್ತದೆ: ಒಂದು ಜಡತ್ವ, ಇನ್ನೊಂದು ದ್ರವದ ಅಂಟುತನ, ಅಂದರೆ ಸ್ನಿಗ್ಧತೆ. ಇವೆರಡರ ನಿಷ್ಪತ್ತಿಯನ್ನು ರೆನಾಲ್ಡ್ಸ್ ಸಂಖ್ಯೆಯೆನ್ನುತ್ತಾರೆ. ಹಾರುವ ಸಿಂಪಿಗಕ್ಕೆ ಈ ಸಂಖ್ಯೆ ಸುಮಾರು ೧೦,೦೦೦. ಈಜುವ ಬ್ಯಾಕ್ಟೀರಿಯಕ್ಕೆ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ. ಹಕ್ಕಿಯ ಲೋಕದಲ್ಲಿ ಜಡತ್ವ ಯಜಮಾನ. ಜೀವಾಣುವಿನ ಲೋಕದಲ್ಲಿ ಸ್ನಿಗ್ಧತೆಯೇ ಯಜಮಾನ.

ಇದರ ಫಲವನ್ನು ೧೯೫೨ರ ನೊಬೆಲ್ ಪಾರಿತೋಷಕ ಪಡೆದ ಭೌತಶಾಸ್ತ್ರಜ್ಞ ಎಡ್ವರ್ಡ್ ಪರ್ಸೆಲ್‌ರು ೧೯೭೭ರಲ್ಲಿ ಬಹು ಸೊಗಸಾಗಿ ವಿವರಿಸಿದರು. ರೆಕ್ಕೆ ಬಡಿಯುವುದನ್ನು ನಿಲ್ಲಿಸಿದರೂ ಹಕ್ಕಿಯು ಸ್ವಲ್ಪ ದೂರ ತೇಲಿಕೊಂಡು ಹೋಗುತ್ತದೆ. ಬ್ಯಾಕ್ಟೀರಿಯವು ಈಜುವುದನ್ನು ನಿಲ್ಲಿಸಿದರೆ? ಅದು ಮುಂದಕ್ಕೆ ಜಾರುವ ದೂರ ಒಂದು ಜಲಜನಕ ಪರಮಾಣುವಿನ ಅಗಲಕ್ಕಿಂತಲೂ ಕಡಮೆ! ಗಟ್ಟಿಯಾಗತೊಡಗಿದ ಬೆಲ್ಲದ ಪಾಕದಲ್ಲಿ ಮುಳುಗಿದವನು ನಿಮಿಷಕ್ಕೆ ಒಂದೆರಡು ಅಂಗುಲ ಕೈಕಾಲಾಡಿಸುವ ಪಾಡು ಅದರದು. ಅಂತಹ ಪಾಕದಲ್ಲಿ ರೆಕ್ಕೆಯನ್ನು ಒಂದೇ ದಾರಿಯಲ್ಲಿ ಮುಂದಕ್ಕೂ ಹಿಂದಕ್ಕೂ ಬಡಿದರೆ, ಮುಂದೆ ಹೋದಷ್ಟೇ ಹಿಂದಕ್ಕೆ ಬಂದು ಇದ್ದಲ್ಲಿಯೇ ಇರಬೇಕಾಗುತ್ತದೆ. ಆದುದರಿಂದ ಬ್ಯಾಕ್ಟೀರಿಯವು ಬೇರೆಯೇ ಉಪಾಯವನ್ನು ಹಿಡಿದಿದೆ: ಬಿರಡೆಯ ತಿರುಪಿನಂತೆ ಎಳೆಯನ್ನು ತಿರುಗಿಸುತ್ತಾ ನೀರನ್ನು ಕೊರೆದು ಸಾಗುತ್ತದೆ. ಎಳೆಯ ಬುಡದಲ್ಲಿ ಅಯಾನುಗಳ ಪ್ರವಾಹದಿಂದ ತಿರುಗುವ ನಿಜವಾದ ಮೋಟಾರೊಂದು ಇದೆ. ಹಕ್ಕಿಯ ರೆಕ್ಕೆಯನ್ನು ಜೀವಾಣುವಿಗೆ ಚಿಕ್ಕದು ಮಾಡಿ ಜೋಡಿಸಿದರೆ ಏನೂ ಪ್ರಯೋಜನವಾಗದು.

ಬಿಸಿ ಮೈ, ತಣ್ಣನೆ ಮೈ

ಸಿಂಪಿಗದ ಮೈಯ ಉಷ್ಣತೆ ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್. ಮಾಗಿಯ ರಾತ್ರಿ ಗಾಳಿ ೧೫ ಡಿಗ್ರಿಗೆ ಇಳಿದಾಗಲೂ ಗರಿಗಳ ಹೊದಿಕೆಯೊಳಗೆ ಅದು ಬೆಚ್ಚಗಿರುತ್ತದೆ. ಇದಕ್ಕಾಗಿ ವಿಶ್ರಾಂತಿಯಲ್ಲಿದ್ದಾಗಲೂ ಅದು ಉರಿಸುವ ಶಕ್ತಿ ಸುಮಾರು ೦.೨ ವಾಟ್. ಅಲ್ಪವೆಂದು ತೋರುತ್ತದೆ. ಆದರೆ ಕಿಲೋಗ್ರಾಂ ಲೆಕ್ಕಕ್ಕೆ ತಂದರೆ ೨೫ ವಾಟ್ ಆಯಿತು. ಮನುಷ್ಯನದು ಒಂದು ವಾಟಿಗಿಂತ ತುಸು ಹೆಚ್ಚು. ಸೂರ್ಯನ ಒಟ್ಟು ಶಕ್ತಿಯನ್ನು ಅವನ ಒಟ್ಟು ದ್ರವ್ಯರಾಶಿಗೆ ಹಂಚಿದರೆ ಕಿಲೋಗ್ರಾಮಿಗೆ ಬರುವುದು ೦.೦೦೦೨ ವಾಟ್ ಮಾತ್ರ. ತೂಕಕ್ಕೆ ತೂಕ ನೋಡಿದರೆ ಬೇಲಿಯ ಮೇಲಿನ ಹಕ್ಕಿ ಸೂರ್ಯನಿಗಿಂತ ಲಕ್ಷ ಪಟ್ಟು ಜೋರಾಗಿ ಉರಿಯುತ್ತಿದೆ! ಚುರುಕಾಗಿ ಬೆಳೆಯುವ ಬ್ಯಾಕ್ಟೀರಿಯಗಳಾದರೋ ಕಿಲೋಗ್ರಾಮಿಗೆ ನೂರಾರು ವಾಟುಗಳಷ್ಟು ಉರಿಯಬಲ್ಲವು.

ಹಾಗಾದರೆ ಬ್ಯಾಕ್ಟೀರಿಯವೂ ಬಿಸಿಯಾಗಿರಬೇಕಲ್ಲವೆ? ಲೆಕ್ಕ ಹಾಕಿ ನೋಡೋಣ. ಅದರ ಶಕ್ತಿಯನ್ನು ಧಾರಾಳವಾಗಿಯೇ ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲೆಂದು ಹಿಡಿದು, ನೀರಿನ ಉಷ್ಣವಾಹಕತೆಯನ್ನು ಗಣನೆಗೆ ತಂದುಕೊಂಡರೆ, ಸುತ್ತಲಿನ ನೀರಿಗಿಂತ ಅದು ಎಷ್ಟು ಬಿಸಿಯಾಗಬಲ್ಲುದೆಂಬುದು ತಿಳಿಯುತ್ತದೆ. ಒಂದು ಡಿಗ್ರಿಯನ್ನು ಸುಮಾರು ೪೦ ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಹುಟ್ಟಿದ ಬಿಸಿಯೆಲ್ಲವೂ ಹುಟ್ಟಿದ ಕ್ಷಣವೇ ಸೋರಿಹೋಗುತ್ತದೆ. ಬೆಚ್ಚಗಿರುವ ಸುಖ ದೊಡ್ಡವರಿಗೆ ಮಾತ್ರ. ಜೀವಾಣುವು ಮಣ್ಣಿನ ಉಷ್ಣತೆಯಲ್ಲಿಯೇ ಕೆಲಸ ಮಾಡಲು ಕಲಿಯಬೇಕು. ಅದು ಮಾಡುವ ಕೆಲಸವಾದರೋ ಮನುಷ್ಯನಿಗೆ ಕುಲುಮೆಯಿಲ್ಲದೆ ಸಾಧ್ಯವಾಗದಂತಹುದು.

ಗಾಳಿಯ ಗಣಿ

ನಮ್ಮ ತಲೆಯ ಮೇಲಿರುವ ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕ. ಒಂದು ಎಕರೆ ಹೊಲದ ಮೇಲೆ ನಿಂತಿರುವ ಗಾಳಿಯಲ್ಲಿ ೩೦ ಸಾವಿರ ಟನ್ನಿಗೂ ಹೆಚ್ಚಿನ ಸಾರಜನಕ ಉಂಟು. ಆದರೂ ರಾಗಿಯ ಪೈರು ಸಾರಜನಕವಿಲ್ಲದೆ ಹಳದಿಗಟ್ಟಬಹುದು. ಕಾರಣವಿಷ್ಟೆ: ಸಾರಜನಕದ ಪರಮಾಣುಗಳು ಜೋಡಿಜೋಡಿಯಾಗಿ ಮೂರು ಬಂಧಗಳಿಂದ ಬಿಗಿದುಕೊಂಡಿವೆ. ೨೮ ಗ್ರಾಂ ಸಾರಜನಕದ ಅಣುಗಳನ್ನೆಲ್ಲಾ ಬಿಡಿಸಲು ೯೪೫ ಕಿಲೋಜೂಲ್ ಬೇಕು. ಗಿಡಕ್ಕೂ ಪ್ರಾಣಿಗೂ ಈ ಗಂಟನ್ನು ಬಿಚ್ಚುವ ವಿದ್ಯೆ ಬಾರದು. ಸಿಡಿಲು ಅಷ್ಟಿಷ್ಟು ಬಿಚ್ಚುತ್ತದೆ. ಜರ್ಮನಿಯ ಓಪಾವಿನಲ್ಲಿ ೧೯೧೩ರಲ್ಲಿ ಆರಂಭವಾದ ಹೇಬರ್-ಬಾಷ್ ಕಾರ್ಖಾನೆಯ ವಿಧಾನದಲ್ಲಿ ಮನುಷ್ಯನೂ ಬಿಚ್ಚಿದನು. ಆದರೆ ಅದಕ್ಕೆ ೪೦೦ರಿಂದ ೫೦೦ ಡಿಗ್ರಿ ಉಷ್ಣತೆ, ವಾಯುಭಾರದ ನೂರಾರು ಪಟ್ಟು ಒತ್ತಡ, ಕಬ್ಬಿಣದ ವೇಗವರ್ಧಕ ಇಷ್ಟೂ ಬೇಕಾದುವು. ಯೂರಿಯ ಚೀಲದ ಹಿಂದಿರುವುದು ಇದೇ ಕುಲುಮೆ.

ಬೇರುಗಂಟಿನ ಬ್ಯಾಕ್ಟೀರಿಯವು ಈ ಕೆಲಸವನ್ನು ಮಣ್ಣಿನ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಮಾಡುತ್ತದೆ. ದ್ವಿದಳ ಸಸ್ಯಗಳ ಗಂಟುಗಳಲ್ಲಿಯೇ ಈ ಶಕ್ತಿಯಿದೆಯೆಂದು ಹೆಲ್ರೀಗಲ್ ಎಂಬ ಜರ್ಮನ್ ವಿಜ್ಞಾನಿ ೧೮೮೬ರಲ್ಲಿ ಪ್ರಕಟಿಸಿದನು; ಹಾಲೆಂಡಿನ ಬೈಯರಿಂಕನು ೧೮೮೮ರಲ್ಲಿ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ನೈಟ್ರೋಜಿನೇಸ್ ಎಂಬ ಕಿಣ್ವವೇ ಅದರ ಉಳಿ. ಆದರೆ ಕೂಲಿ ಪುಕ್ಕಟೆಯಲ್ಲ: ಸಾರಜನಕದ ಒಂದು ಅಣುವನ್ನು ಅಮೋನಿಯವಾಗಿಸಲು ಜೀವಕೋಶದ ಶಕ್ತಿನಾಣ್ಯವಾದ ಎಟಿಪಿಯ ೧೬ ಅಣುಗಳು ಖರ್ಚಾಗುತ್ತವೆ. ಆ ಖರ್ಚನ್ನು ಅವರೆಯ ಗಿಡವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಿಂದ ತುಂಬಿಕೊಡುತ್ತದೆ.

ಇಬ್ಬರೂ ಸೇರುವ ಬಗೆಯೂ ಕೌತುಕವಾದುದು. ಸಿಂಪಿಗಕ್ಕೆ ಸಂಗಾತಿಯನ್ನು ಕರೆಯಲು ಕೊರಳಿದೆ. ಶ್ವಾಸನಾಳದ ಬುಡದಲ್ಲಿರುವ ಧ್ವನಿಪೆಟ್ಟಿಗೆಯಿಂದ ಹೊರಡುವ ಅದರ ಕೂಗು ಹಕ್ಕಿಯ ಗಾತ್ರವನ್ನು ಮೀರಿದ್ದು. ಜೀವಾಣುವಿನ ಲೋಕದಲ್ಲಿ ಕರೆಯೆಂದರೆ ಅಣು. ಅವರೆಯ ಬೇರು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಒಸರುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯವು ನಾಡ್ ಅಂಶವೆಂಬ ಇನ್ನೊಂದು ವಸ್ತುವನ್ನು ಬಿಟ್ಟು ಓಗೊಡುತ್ತದೆ. ಅತ್ಯಲ್ಪ ಪ್ರಮಾಣದ ಆ ಉತ್ತರ ತಲುಪಿದೊಡನೆ ಬೇರಿನ ಕೂದಲು ಬಾಗಿ ಸುರುಟಿಕೊಂಡು ಜೀವಾಣುವನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ. ಈ ನಾಡ್ ಅಂಶದ ರಚನೆ ತಿಳಿದದ್ದು ೧೯೯೦ರಲ್ಲಿ.

ಗಂಟಿನೊಳಗಿನ ಕೆಂಪು

ಚೆನ್ನಾಗಿ ಕೆಲಸ ಮಾಡುತ್ತಿರುವ ಬೇರುಗಂಟನ್ನು ಬ್ಲೇಡಿನಿಂದ ಕೊಯ್ದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಸಸ್ಯದಲ್ಲಿ ರಕ್ತವೆಲ್ಲಿಂದ ಬಂತು? ಇದಕ್ಕೊಂದು ಕಾರಣವಿದೆ. ಗಂಟನ್ನು ಬಿಚ್ಚುವ ಆ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯವು ಎಟಿಪಿಯನ್ನು ತಯಾರಿಸಲು ಆಮ್ಲಜನಕವೇ ಬೇಕು. ಬೆಂಕಿಯೂ ಬೇಕು, ಮನೆಯೂ ಸುಡಬಾರದು. ಈ ಇಕ್ಕಟ್ಟಿಗೆ ಪರಿಹಾರವಾಗಿ ಗಿಡವು ಲೆಗ್‌ಹೀಮೋಗ್ಲೋಬಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಇದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು, ಎಲ್ಲಿಯೂ ಬಿಡಿಯಾಗಿ ಅಡ್ಡಾಡಗೊಡದೆ, ಜೀವಾಣುವಿನ ಬಾಗಿಲಿಗೆ ಒಯ್ದು ಒಪ್ಪಿಸುತ್ತದೆ. ಗಂಟಿನ ಬಣ್ಣಕ್ಕೆ ಕಾರಣವಾದುದು ಹೀಮೋಗ್ಲೋಬಿನ್ನೇ ಎಂದು ಜಪಾನಿನ ಕುಬೊ ಎಂಬ ವಿಜ್ಞಾನಿ ೧೯೩೯ರಲ್ಲಿ ತೋರಿಸಿದನು. ಸಿಂಪಿಗದ ರಕ್ತದಲ್ಲಿರುವ ಹೀಮೋಗ್ಲೋಬಿನ್ ಇದರ ದಾಯಾದಿ: ಎರಡರ ನಡುವೆಯೂ ಕಬ್ಬಿಣದ ಒಂದು ಪರಮಾಣುವನ್ನು ಹಿಡಿದ ಹೀಮ್ ಎಂಬ ತಟ್ಟೆ, ಅದರ ಸುತ್ತ ಒಂದೇ ವಂಶದ ಪ್ರೋಟೀನು. ಬೇಲಿಯ ಮೇಲೊಂದು ಕೆಂಪು, ನೆಲದ ಕೆಳಗೊಂದು ಕೆಂಪು; ಎರಡಕ್ಕೂ ಕಸುಬು ಒಂದೇ.

ಮನೆಯಳಿಯನ ಕಥೆ

ಇಷ್ಟು ಹೊತ್ತು ಭೇದಗಳನ್ನೇ ಹೆಚ್ಚಾಗಿ ನೋಡಿದೆವು. ಈಗ ನೆಂಟಸ್ತಿಕೆಯನ್ನು ನೋಡೋಣ. ಸಿಂಪಿಗದ ಎದೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳ ಒಳಗೆ ಒಂದು ಮೈಕ್ರಾನಿನ ಆಸುಪಾಸಿನ ಅಗಲವುಳ್ಳ ಕಡ್ಡಿಗಳು ಇಡಿಕಿರಿದಿರುವುದು ಕಾಣುತ್ತದೆ. ಇವೇ ಮೈಟೋಕಾಂಡ್ರಿಯಗಳು. ಹಕ್ಕಿ ತಿಂದ ಹುಳುವಿನ ಸಾರವು ಉರಿದು ಶಕ್ತಿಯಾಗುವುದು ಮುಖ್ಯವಾಗಿ ಇಲ್ಲಿ. ಇವುಗಳ ಗಾತ್ರವೂ ಆಕಾರವೂ ಬ್ಯಾಕ್ಟೀರಿಯವನ್ನು ಹೋಲುತ್ತವೆ. ಇವಕ್ಕೆ ತಮ್ಮದೇ ಆದ ಡಿಎನ್‌ಎ ಉಂಟು. ಹಕ್ಕಿಗಳಲ್ಲಿ ಅದು ಸುಮಾರು ೧೭ ಸಾವಿರ ಅಕ್ಷರಗಳ ಒಂದು ಬಳೆ, ಅದರಲ್ಲಿ ೩೭ ಜೀನುಗಳು. ಮೈಟೋಕಾಂಡ್ರಿಯವು ಹಿಂದೆ ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯವೇ ಎಂಬ ವಾದವನ್ನು ಅಮೆರಿಕದ ಲಿನ್ ಮಾರ್ಗುಲಿಸರು ೧೯೬೭ರಲ್ಲಿ ಬಲವಾಗಿ ಮಂಡಿಸಿದರು. ಮೊದಮೊದಲು ನಂಬದವರೂ ಡಿಎನ್‌ಎಯ ಸಾಕ್ಷ್ಯವನ್ನು ಕಂಡು ಒಪ್ಪಿದರು. ಆ ಪೂರ್ವಜನ ವಂಶವೂ ಗೊತ್ತಾಗಿದೆ: ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯ ಎಂಬ ಪಂಗಡ, ಇಲ್ಲವೆ ಅದಕ್ಕೆ ಅತಿ ಸಮೀಪದ ಶಾಖೆ. ಅವರೆಯ ಬೇರಿನ ಬ್ರಾಡಿರೈಜೋಬಿಯಂ ಕೂಡ ಇದೇ ಪಂಗಡಕ್ಕೆ ಸೇರಿದುದು!

ಅಂದಮೇಲೆ ಬೇರುಗಂಟಿನ ಜೀವಾಣುವೂ ಹಕ್ಕಿಯ ಎದೆಯೊಳಗಿನ ಮೈಟೋಕಾಂಡ್ರಿಯವೂ ದೂರದ ದಾಯಾದಿಗಳು. ಒಂದು ನೂರು ಕೋಟಿ ವರ್ಷಗಳಿಗೂ ಹಿಂದೆ ಮತ್ತೊಂದು ಜೀವಕೋಶದ ಮನೆ ಸೇರಿ, ಆಸ್ತಿಯ ಬಹುಪಾಲನ್ನು ಆ ಮನೆಗೇ ಒಪ್ಪಿಸಿ, ಮ‍ನೆಯಳಿಯನಾಗಿ ಉಳಿದುಬಿಟ್ಟಿತು. ಇನ್ನೊಂದು ಸುಗ್ಗಿಗೆ ಬರುವ ನೆಂಟನಂತೆ ಪ್ರತಿ ಬೆಳೆಯಲ್ಲಿಯೂ ಗಿಡದ ಮನೆಗೆ ಬಂದು, ಇದ್ದು, ದುಡಿದು, ಪೈರು ಮುಗಿದ ಮೇಲೆ ಮಣ್ಣಿಗೆ ಮರಳುತ್ತದೆ. ಸ್ವಾತಂತ್ರ್ಯ ಉಳಿಸಿಕೊಂಡುದರಿಂದ ಅದರ ಗ್ರಂಥವೂ ದೊಡ್ಡದು. ಸೋಯಾ ಅವರೆಯ ಬೇರಿನ ಬ್ರಾಡಿರೈಜೋಬಿಯಂನ ಡಿಎನ್‌ಎಯನ್ನು ೨೦೦೨ರಲ್ಲಿ ಓದಿದಾಗ ೯೧ ಲಕ್ಷ ಅಕ್ಷರಗಳೂ ಸುಮಾರು ೮,೩೦೦ ಜೀನುಗಳೂ ದೊರೆತುವು. ಜೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯ ಡಿಎನ್‌ಎಯನ್ನು ೨೦೧೦ರಲ್ಲಿ ಪ್ರಕಟಿಸಿದಾಗ ಕಂಡದ್ದು ಸುಮಾರು ೧೨೦ ಕೋಟಿ ಅಕ್ಷರ, ೧೭,೫೦೦ರಷ್ಟು ಜೀನು. ಹಕ್ಕಿಯ ಗ್ರಂಥ ನೂರಕ್ಕೂ ಹೆಚ್ಚು ಪಟ್ಟು ದಪ್ಪ. ಆದರೆ ಜೀನುಗಳು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಎಂಜಿನ್ನಾದರೋ ಎರಡರಲ್ಲಿಯೂ ಒಂದೇ. ಪೊರೆಯ ಒಂದು ಪಕ್ಕಕ್ಕೆ ಪ್ರೋಟಾನುಗಳನ್ನು ತುಂಬಿ, ಕೆರೆಯ ನೀರನ್ನು ತೂಬಿನಿಂದ ಬಿಡುವಂತೆ, ಅವುಗಳನ್ನು ಕಿರಿದಾದ ಯಂತ್ರದ ಮೂಲಕ ಹಿಂದಕ್ಕೆ ಹರಿಯಬಿಡುವುದು; ಆ ಹರಿವಿನಿಂದ ಯಂತ್ರ ತಿರುಗಿ ಎಟಿಪಿ ತಯಾರಾಗುವುದು. ಈ ತತ್ತ್ವವನ್ನು ೧೯೬೧ರಲ್ಲಿ ಹೇಳಿದ ಪೀಟರ್ ಮಿಚೆಲ್‌ರಿಗೆ ೧೯೭೮ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಯಂತ್ರವು ನಿಜವಾಗಿಯೂ ಗಿರ್ರನೆ ತಿರುಗುವುದನ್ನು ೧೯೯೭ರಲ್ಲಿ ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಐದಾರು ಪಾಲು. ಅದರ ಎರಡು ಪಕ್ಕಗಳ ನಡುವಣ ವಿದ್ಯುದ್ವಿಭವ ಸುಮಾರು ೦.೧೫ ವೋಲ್ಟ್. ಅಲ್ಪವೆನಿಸಿದರೂ ಒಂದು ಮೀಟರಿನ ಲೆಕ್ಕಕ್ಕೆ ತಂದರೆ ೨೫ರಿಂದ ೩೦ ದಶಲಕ್ಷ ವೋಲ್ಟ್! ಒಣ ಗಾಳಿಯಲ್ಲಿ ಕಿಡಿ ಹಾರಿಸಲು ಬೇಕಾಗುವುದು ಸುಮಾರು ೩ ದಶಲಕ್ಷ.

ಹೊಲದಿಂದ ಬೇಲಿಗೆ

ಎಂಟು ಗ್ರಾಂ ಹಕ್ಕಿಯ ಮೈಯಲ್ಲಿ ಸುಮಾರು ಕಾಲು ಗ್ರಾಂ ಸಾರಜನಕವಿದೆ. ಅದು ಹುಳುವಿನಿಂದ ಬಂತು, ಹುಳುವಿಗೆ ಎಲೆಯಿಂದ, ಎಲೆಗೆ ಮಣ್ಣಿನಿಂದ. ಮಣ್ಣಿಗೆ? ಒಂದೋ ಸಿಡಿಲು, ಒಂದೋ ಕಾರ್ಖಾನೆ, ಇಲ್ಲವೆ ಜೀವಾಣು. ನಾಲ್ಕನೆಯ ದಾರಿ ಹೆಚ್ಚುಕಡಮೆ ಇಲ್ಲ. ಹಾರಿಹೋಗುವ ಪ್ರತಿಯೊಂದು ಸಿಂಪಿಗದ ರೆಕ್ಕೆಯಲ್ಲಿಯೂ ಯಾವುದೋ ಕಾಲದ ಬ್ಯಾಕ್ಟೀರಿಯವು ಬಿಚ್ಚಿದ ಗಂಟುಗಳಿವೆ.

ಈ ಕಾಲದಲ್ಲಿ ದಾರಿಗಳ ಪ್ರಮಾಣ ಬದಲಾಗಿದೆ. ಲೋಕದ ಮನುಷ್ಯರ ಮೈಯಲ್ಲಿರುವ ಸಾರಜನಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಾರ್ಖಾನೆಯ ಕುಲುಮೆಯಿಂದ ಬಂದುದೆಂದು ಅಂದಾಜು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ಈ ಬದಲಾವಣೆ ಕಾಣುತ್ತದೆ. ಕೊಳವೆ ಬಾವಿಯ ನೀರಿನಿಂದ ಟೊಮೆಟೊ, ತರಕಾರಿ, ಹೂವು ಬಂದುವು. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು. ಶ್ರೀನಿವಾಸಪುರದ ಮಾವು ಹೆಸರಾಯಿತು. ಹಲವೆಡೆ ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾದುವು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರಕಾರ ೨೦೧೭ರಲ್ಲಿ ನಿಷೇಧಿಸಿತು. ರೈತನು ಹಣ ತರುವ ಬೆಳೆಯನ್ನು ಬೆಳೆದುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಒಂಟಿ ಬೆಳೆ ಬಂದ ಕಡೆಯಲ್ಲೆಲ್ಲಾ ಅಕ್ಕಡಿ ಸಾಲು ಹೋಯಿತು. ಅದರೊಡನೆ ಸುಗ್ಗಿಯ ನೆಂಟನಿಗೆ ಉಳಿದುಕೊಳ್ಳುವ ಮನೆಯೂ ಹೋಯಿತು. ಯೂರಿಯ ಹೇರಳವಾದ ಮಣ್ಣಿನಲ್ಲಿ ದ್ವಿದಳ ಗಿಡವೂ ಗಂಟು ಕಟ್ಟುವುದನ್ನು ಕಡಮೆ ಮಾಡುತ್ತದೆ. ಪೈರು ಹೀರದೆ ಬಿಟ್ಟ ಗೊಬ್ಬರದ ಒಂದು ಪಾಲು ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಮೇಲೆ ಹೊಡೆಯುವ ಕೀಟನಾಶಕವು ಸಿಂಪಿಗವು ಮರಿಗಳಿಗೆ ಉಣಿಸಬೇಕಾದ ಹುಳುಗಳನ್ನೂ ಕೊಲ್ಲುತ್ತದೆ. ಹೀಗೆ ನೆಲದ ಕೆಳಗಿನ ಒಡನಾಡಿಗೂ ಬೇಲಿಯ ಮೇಲಿನ ಒಡನಾಡಿಗೂ ಏಕಕಾಲದಲ್ಲಿ ತೊಂದರೆ ಬರುತ್ತದೆ.

ಇಲ್ಲಿ ಉತ್ಪ್ರೇಕ್ಷೆಯೂ ಬೇಡ. ಹುಲುಸಾದ ದ್ವಿದಳ ಪೈರು ಎಕರೆಗೆ ಹತ್ತಾರು ಕಿಲೋಗ್ರಾಂ ಸಾರಜನಕವನ್ನು ಗಾಳಿಯಿಂದ ಇಳಿಸಬಲ್ಲುದು. ಆದರೆ ಅದರ ದೊಡ್ಡ ಪಾಲು ಕಾಳಿನೊಡನೆ ಮನೆಗೆ ಹೋಗುತ್ತದೆ. ಬೇರು, ಉದುರಿದ ಎಲೆ, ಸೊಪ್ಪು ಹೊಲದಲ್ಲಿಯೇ ಉಳಿದರೆ ಮಾತ್ರ ಮಣ್ಣಿಗೆ ಲಾಭ. ಟೊಮೆಟೊಗೆ ಬೇಕಾದ ಗೊಬ್ಬರವನ್ನೆಲ್ಲಾ ಅವರೆಯ ಸಾಲು ಒದಗಿಸದು. ಆದರೂ ಬೆಳೆಯಿಂದ ಬೆಳೆಗೆ ನಡುವೆ ಒಂದು ಅವರೆ, ಒಂದು ಹುರುಳಿ, ಒಂದು ಅಲಸಂದೆ ಬಂದುಹೋದರೆ ಚೀಲದ ಲೆಕ್ಕ ಅಷ್ಟರಮಟ್ಟಿಗೆ ಇಳಿಯುತ್ತದೆ.

ವಿದ್ಯಾರ್ಥಿಗಳಿಗೊಂದು ಕೆಲಸ

ಓದಿದ್ದನ್ನು ಪರೀಕ್ಷಿಸಿ ನೋಡುವುದು ವಿಜ್ಞಾನದ ಮೊದಲ ಪಾಠ. ಬಿತ್ತಿ ಆರೇಳು ವಾರವಾದ, ಹೂ ಬಿಡುವ ಹೊತ್ತಿನ ಅವರೆ ಅಥವಾ ಅಲಸಂದೆಯ ಒಂದೆರಡು ಗಿಡಗಳನ್ನು, ಹೊಲದವರ ಒಪ್ಪಿಗೆ ಪಡೆದು, ಮಣ್ಣುಸಹಿತ ಗುದ್ದಲಿಯಿಂದ ಎತ್ತಿರಿ. ಬಕೆಟಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ತೊಳೆಯಿರಿ. ಗಂಟುಗಳನ್ನು ಎಣಿಸಿ, ಹತ್ತನ್ನು ಕೊಯ್ದು ಬಣ್ಣ ಬರೆದುಕೊಳ್ಳಿರಿ. ಕೆಂಪಾದುದು ದುಡಿಯುತ್ತಿದೆ; ಬಿಳಿಯದೂ ಹಸುರಾದುದೂ ದುಡಿಯುತ್ತಿಲ್ಲ. ಒಂದು ಎಚ್ಚರಿಕೆ: ಟೊಮೆಟೊ ಬೇರಿನಲ್ಲಿಯೂ ಗಂಟುಗಳನ್ನು ಕಾಣಬಹುದು. ಅವು ಜಂತುಹುಳುವಿನ ರೋಗದಿಂದ ಬೇರೇ ಊದಿಕೊಂಡದ್ದು. ಜೀವಾಣುವಿನ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಬೆರಳಿನಿಂದ ಸುಲಭವಾಗಿ ಬಿಡಿಸಬರುತ್ತದೆ; ರೋಗದ ಗಂಟು ಬಿಡಿಸಬಾರದು.

ಅದೇ ಹೊಲದ ಬೇಲಿಯಲ್ಲಿ ಸಿಂಪಿಗದ ಗೂಡಿದ್ದರೆ, ಮುಟ್ಟದೆ, ದೂರದಲ್ಲಿ ಕುಳಿತು, ಒಂದು ಗಂಟೆಯಲ್ಲಿ ತಂದೆತಾಯಿ ಹಕ್ಕಿಗಳು ಎಷ್ಟು ಬಾರಿ ಹುಳು ತಂದುವೆಂದು ಎಣಿಸಿರಿ. ಅಕ್ಕಡಿ ಸಾಲಿರುವ ಹೊಲ, ಒಂಟಿ ಬೆಳೆಯ ಹೊಲ, ಎರಡರಲ್ಲಿಯೂ ಎರಡು ಲೆಕ್ಕವನ್ನೂ ತೆಗೆದು ಒಂದೇ ಪುಟದಲ್ಲಿ ಬರೆದಿಡಿರಿ. ಗಂಟುಗಳೆಲ್ಲಾ ಬಿಳಿಯಾಗಿ ಕಂಡರೆ ಆ ಸಂಗತಿಯನ್ನು ಹೊಲದ ಯಜಮಾನರಿಗೆ ತಿಳಿಸಿರಿ. ರೈಜೋಬಿಯಂ ಜೀವಾಣು ಗೊಬ್ಬರವನ್ನು ತಣ್ಣನೆಯ ಬೆಲ್ಲದ ನೀರಿನಲ್ಲಿ ಕಲಸಿ, ಬಿತ್ತನೆಯ ಕಾಳಿಗೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತಿದರೆ ಬರುವ ವರ್ಷ ಗಂಟಿನ ಬಣ್ಣ ಬದಲಾಗಬಹುದು. ಬದಲಾಯಿತೋ ಇಲ್ಲವೋ ಎಂಬುದನ್ನು ಮುಂದಿನ ಮಾಗಿಯಲ್ಲಿ ಅದೇ ಸಾಲಿನ ಇನ್ನೊಂದು ಗಿಡವನ್ನು ಎತ್ತಿ ನೋಡಿಯೇ ತಿಳಿಯಬೇಕು.